ಹಾಡುವ ಪೆಟ್ಟಿಗೆ



ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯವನ್ನು ತೆರೆದು, ಪ್ರೀತಿಯಿಲ್ಲದವನ ಮಾತನ್ನು ಆತನು ಯಾವದಕ್ಕೆ ಹೋಲಿಸಿದ್ದಾನೆಂಬದನ್ನು ಮೊದಲನೆಯ ವಚನದಲ್ಲಿ ಓದಿಕೊಳ್ಳಿರಿ. ಈ ವಚನದ ಮೇಲೆ ನಾನು ಅನೇಕ ಸಾರಿ ಬೋಧಿಸಿದ್ದೇನೆ. ಆದರೆ ಅದು ನನಗೇ ತಗಲಿದ್ದು ಸ್ವಿಟ್ಜರ್ಲೆಂಡ್ ದೇಶದ ಒಂದು ಚಿಕ್ಕ ಹಳ್ಳಿಯಲ್ಲಿ.

1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವನ್ನು ನೋಡುವ ಭಾಗ್ಯವು ನನಗೆ ದೊರೆಯಿತು. ಅಲ್ಲಿಂದ ಬೆಟ್ಟದ ದಾರಿಯಲ್ಲಿ ಹೋದರೆ ಸೇವೆನ್ ಎಂಬ ಊರು. ಹೈನ್ರಿಖ್ ವೈಸ್ ಎಂಬವರು ತಾವಾಗಿ ನುಡಿಯುವ ವಾದ್ಯಗಳನ್ನು ಬಹುಕಾಲ ಕೂಡಿಸಿ, 1979ರಲ್ಲಿ ಅಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು; 1990ರಲ್ಲಿ ಅದನ್ನೆಲ್ಲಾ ತಮ್ಮ ದೇಶಕ್ಕೇ ಕೊಟ್ಟುಬಿಟ್ಟರು. ಕೂಡಿಸಿದ್ದನ್ನು ಬಿಟ್ಟುಕೊಡುವದು ಕೂಡಿಸುವದಕ್ಕಿಂತ ಕಷ್ಟವೆಂಬದು ಹೊಲಮನೆಯುಳ್ಳ ನಿಮಗೆ ಗೊತ್ತೇ ಇದೆ.

ಅಲ್ಲಿ ದೊಡ್ಡ ವಾದ್ಯಗಳೂ ಇವೆ. ಬ್ರಿಟಾನಿಕ್ ಎಂಬ ಹಡಗಿಗೋಸ್ಕರ ಮಾಡಿದ ಆರ್ಗನ್ ಒಂದುಂಟು. ಆ ಹಡಗು ಯುದ್ಧದಲ್ಲಿ ಆಸ್ಪತ್ರೆಯ ಹಡಗಾಗಿ 1916ರಲ್ಲಿ ಮುಳುಗಿತು, ವಾದ್ಯವು ಉಳಿಯಿತು. ಆದರೆ ನನ್ನ ಕಣ್ಣನ್ನು ಹಿಡಿದದ್ದು ಮೇಜಿನ ಮೇಲಿದ್ದ ಮರದ ಸಣ್ಣ ಪೆಟ್ಟಿಗೆಗಳೇ. ಇವುಗಳ ಮೂಲವು 1796ರಲ್ಲಿ ಜಿನೀವಾ ಪಟ್ಟಣದ ಗಡಿಯಾರಗಾರನಾದ ಆಂತ್ವಾನ್ ಫಾವ್ರ್ ಎಂಬವನದು. ಗಂಟೆಯೂ ಸುತ್ತಿಗೆಯೂ ಇಲ್ಲದೆ ಉಕ್ಕಿನ ಹಲ್ಲುಗಳಿಂದಲೇ ನಾದವನ್ನು ಹೊರಡಿಸಬಹುದೆಂದು ಅವನು ತೋರಿಸಿದನು. ಮುಂದೆ ಈ ಕಸುಬು ಜೂರಾ ಬೆಟ್ಟದ ಸಾಂತ್ ಕ್ರ್ವಾ ಎಂಬ ಊರಿನಲ್ಲಿ ಬೆಳೆಯಿತು. ಆ ಹೆಸರಿನ ಅರ್ಥವು ಪರಿಶುದ್ಧ ಶಿಲುಬೆ. ಹಿಮ ಬಿದ್ದು ಹೊಲದ ಕೆಲಸ ನಿಂತಾಗ, ನಮ್ಮವರು ಮಳೆಗಾಲದಲ್ಲಿ ಚಾಪೆ ಹೆಣೆಯುವಂತೆ, ಅಲ್ಲಿಯ ಮನೆಗಳಲ್ಲಿ ಗಂಡಸರೂ ಹೆಂಗಸರೂ ಈ ಕೆಲಸದಲ್ಲಿ ಕೂತುಕೊಳ್ಳುತ್ತಿದ್ದರು.

ಪೆಟ್ಟಿಗೆಯ ಮುಚ್ಚಳವನ್ನು ತೆರೆದರೆ ಹಿತ್ತಾಳೆಯ ಒಂದು ಉರುಳೆ ಕಾಣುವದು. ಅದರ ಮೈಮೇಲೆಲ್ಲಾ ಕೂದಲೆಳೆಯಷ್ಟು ಸಣ್ಣ ಮುಳ್ಳುಗಳು. ದೊಡ್ಡ ಉರುಳೆಗಳಲ್ಲಿ ಇವು ಸಾವಿರ ಸಾವಿರ. ಒಂದೊಂದಕ್ಕೂ ರಂಧ್ರ ಕೊರೆದು ಕೈಯಿಂದಲೇ ಸಿಕ್ಕಿಸಬೇಕು. ಅವು ಸಡಿಲವಾಗದಂತೆ ಉರುಳೆಯ ಒಳಗೆ ಕರಗಿಸಿದ ರಾಳವನ್ನು ಹೊಯ್ದು ಗಟ್ಟಿಮಾಡುತ್ತಾರೆ. ಎದುರಿಗೆ ಉಕ್ಕಿನ ಬಾಚಣಿಗೆ. ಕೀಲಿ ಕೊಟ್ಟರೆ ಉರುಳೆ ತಿರುಗುತ್ತದೆ, ಮುಳ್ಳು ಹಲ್ಲನ್ನು ಎತ್ತಿ ಬಿಡುತ್ತದೆ, ನಾದ ಹುಟ್ಟುತ್ತದೆ. ಉರುಳೆಯು ಬದಿಗೆ ತುಸು ಸರಿದರೆ ಬೇರೆ ಮುಳ್ಳುಗಳು ಹಲ್ಲಿಗೆ ಸಿಕ್ಕಿ ಬೇರೊಂದು ರಾಗವಾಗುವದು. ಓಡಿಹೋಗದಂತೆ ಅದನ್ನು ತಡೆಯುವದು ಗಾಳಿಯನ್ನು ಬಡಿಯುವ ಎರಡು ಸಣ್ಣ ರೆಕ್ಕೆಗಳು. ಇನ್ನೊಂದು ಸಂಗತಿ ನನಗೆ ಬಹು ಆಶ್ಚರ್ಯವಾಯಿತು. ನಡುಗುತ್ತಿರುವ ಹಲ್ಲಿಗೆ ಮತ್ತೊಂದು ಮುಳ್ಳು ತಗಲಿದರೆ ಕರಕರ ಶಬ್ದವಾಗುವದಂತೆ. ಆದದರಿಂದ ಹಲ್ಲಿನ ಕೆಳಗೆ ಒಂದು ಸಣ್ಣ ತಂತಿಯನ್ನಿಟ್ಟು, ಪುನಃ ನುಡಿಯುವದಕ್ಕೆ ಮುಂಚೆ ಅದನ್ನು ಕ್ಷಣಮಾತ್ರ ಸುಮ್ಮನಾಗಿಸುತ್ತಾರೆ.

ಪೆಟ್ಟಿಗೆಯು ನುಡಿಯುತ್ತಿರುವಾಗ ನಮ್ಮ ಗುಂಪಿನಲ್ಲಿದ್ದ ಒಂದು ಮಗು ಬಿದ್ದು ಗಟ್ಟಿಯಾಗಿ ಅತ್ತಿತು. ತಾಯಿ ಎತ್ತಿಕೊಂಡಳು, ತೋರಿಸುವವನು ಮಾತು ನಿಲ್ಲಿಸಿದನು, ನಾವೆಲ್ಲರೂ ತಿರುಗಿ ನೋಡಿದೆವು. ಪೆಟ್ಟಿಗೆಯೊಂದೇ ತನ್ನ ಉಲ್ಲಾಸದ ರಾಗವನ್ನು ಒಂದು ಸ್ವರವೂ ತಪ್ಪದೆ ಕೊನೆಯ ವರೆಗೆ ನುಡಿಯಿತು.

ಆಗ ನನಗೆ ನಮ್ಮ ಸಭೆಯ ಒಬ್ಬ ವಿಧವೆಯ ಮನೆ ನೆನಪಿಗೆ ಬಂತು. ಆಕೆಯ ಮಗುವಿಗೆ ಜ್ವರ ವಿಪರೀತವಾಗಿ ನನ್ನನ್ನು ರಾತ್ರಿಯಲ್ಲಿ ಕರಿಸಿದ್ದರು. ನಾನು ಹೋಗಿ ಹಾಸಿಗೆಯ ಬಳಿ ನಿಂತು, ರೋಗಿಗಳಿಗಾಗಿ ಮಾಡುವ ಪ್ರಾರ್ಥನೆಯನ್ನು ತಡೆಯಿಲ್ಲದೆ ಹೇಳಿ ಮುಗಿಸಿದೆನು. ಆಕೆ, “ಉಪದೇಶಿಗಳೇ, ನಮ್ಮ ಯಜಮಾನರು ತೀರಿಹೋದ ರಾತ್ರಿಯೂ ನೀವು ಇದನ್ನೇ ಹೇಳಿದಿರಿ. ಒಂದು ಮಾತೂ ಹೆಚ್ಚುಕಡಿಮೆಯಾಗಲಿಲ್ಲ” ಅಂದಳು. ನಾಚಿಕೆಯಿಂದ ಬರೆಯುತ್ತೇನೆ: ಅದನ್ನು ನಾನು ನನ್ನ ಜ್ಞಾಪಕಶಕ್ತಿಗೆ ದೊರೆತ ಹೊಗಳಿಕೆಯೆಂದು ತಿಳಿದು ಮನೆಗೆ ಬಂದೆನು. ದೇವರ ಕೃಪೆಯಿಂದ ಮಗುವು ಗುಣವಾಯಿತು. ಆದರೆ ಆ ಪ್ರಾರ್ಥನೆಯಲ್ಲಿ ಮಗುವಿನ ಹೆಸರನ್ನಾದರೂ ಎತ್ತಿದ್ದೆನೋ? ಇಲ್ಲ.

ಹೀಗೆನ್ನುವದರಿಂದ ಬಾಯಿಪಾಠದ ಪ್ರಾರ್ಥನೆಯೇ ಬೇಡವೆಂದು ಯಾರೂ ಎಣಿಸಬೇಡಿರಿ. ಕರ್ತನು ತಾನೇ ಶಿಷ್ಯರಿಗೆ ಒಂದು ಪ್ರಾರ್ಥನೆಯನ್ನು ಕಲಿಸಿದನಲ್ಲವೇ? ಅಕ್ಷರ ಬಾರದ ನಮ್ಮ ಅಜ್ಜಿಯಂದಿರು ನೂರಾರು ಗೀತಗಳನ್ನು ಎದೆಯಲ್ಲಿಟ್ಟುಕೊಂಡಿದ್ದಾರೆ. ಅವರನ್ನು ಆ ಪೆಟ್ಟಿಗೆಗೆ ಹೋಲಿಸುವವನು ಮೂರ್ಖನು. ಹಾಡುತ್ತಾ ಹಾಡುತ್ತಾ ಅವರ ಕಂಠ ತುಂಬಿ ಬರುವದನ್ನು ನಾನು ಕಂಡಿದ್ದೇನೆ. ಹಿತ್ತಾಳೆಯ ಉರುಳೆಗೆ ಇರುವ ಕುಂದು ಒಂದೇ ರಾಗವನ್ನು ನುಡಿಯುವದಲ್ಲ, ಅದಕ್ಕೆ ಕಿವಿಯಿಲ್ಲ. ಅಳುವವರ ಮಧ್ಯದಲ್ಲಿಯೂ ಮದುವೆಯವರ ಮಧ್ಯದಲ್ಲಿಯೂ ಅದಕ್ಕೆ ಒಂದೇ. ಯೆಶಾಯನ 29ನೆಯ ಅಧ್ಯಾಯದ 13ನೆಯ ವಚನವನ್ನೂ ಇದರೊಡನೆ ಓದಿರಿ. ಅದು ಜನರಿಗೆ ಬಂದ ಮಾತಾದರೂ ಮೊದಲು ನನ್ನಂಥ ಉಪದೇಶಿಗಳು ಕೇಳತಕ್ಕದ್ದು.

ಊರಿಗೆ ಮರಳಿದ ವಾರದಲ್ಲಿಯೇ ನಾನು ಆ ಮನೆಗೆ ಹೋದೆನು. ಆಕೆ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. “ಅಮ್ಮಾ, ಆ ರಾತ್ರಿ ನಾನು ನಿನ್ನ ಸಂಕಟವನ್ನು ಕೇಳಲಿಲ್ಲ, ನನ್ನ ಮಾತನ್ನೇ ಕೇಳಿಕೊಂಡೆನು. ಕ್ಷಮಿಸು” ಅಂದೆನು. ಆಕೆ ಸ್ವಲ್ಪ ಹೊತ್ತು ಮೊರವನ್ನೇ ನೋಡುತ್ತಿದ್ದು, “ಕೂತುಕೊಳ್ಳಿ ಉಪದೇಶಿಗಳೇ” ಅಂದಳು. ಆಮೇಲೆ ಗಂಡನ ಕಾಯಿಲೆ ಹಿಡಿದ ದಿನದಿಂದ ಮೊದಲುಗೊಂಡು ಒಂದೊಂದಾಗಿ ಹೇಳತೊಡಗಿದಳು. ಕತ್ತಲಾಯಿತು. ಆಕೆ ಮುಗಿಸುವ ವರೆಗೆ ನಾನು ಬಾಯಿ ತೆರೆಯಲಿಲ್ಲ. ಆ ಸಾಯಂಕಾಲ ಪ್ರಾರ್ಥನೆ ಮಾಡಿದವಳು ಆಕೆಯೇ.