ಎರಡನೆಯ ಕೀಲಿಕೈ

ನೆದರ್‌ಲ್ಯಾಂಡ್ಸ್‌ನಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಹಾಗಾಗಿ ಸೈಕಲ್ ಕಳ್ಳರೂ ಇದ್ದಾರೆ, ಸೈಕಲ್ ವಿಮೆಯೂ ಇದೆ. ನಾನು ಇಲ್ಲಿ ನೀತಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಷರತ್ತುಗಳು ಇವು: ‘ಎಆರ್‌ಟಿ’ ಮುದ್ರೆಯ, ಕನಿಷ್ಠ ಎರಡು ನಕ್ಷತ್ರದ ಬೀಗ ಹಾಕಿರಬೇಕು, ಕಳುವಾದರೆ ಆ ಬೀಗದ ಎರಡೂ ಕೀಲಿಕೈಗಳನ್ನು ಕಂಪನಿಗೆ ಒಪ್ಪಿಸಬೇಕು.

ಕಳೆದ ಚಳಿಗಾಲದಲ್ಲಿ ನನ್ನ ಸಹಸಂಶೋಧಕಿಯೊಬ್ಬಳ ಸೈಕಲ್ಲು ರೈಲು ನಿಲ್ದಾಣದ ಎದುರಿನಿಂದ ಕಳುವಾಯಿತು. ಪೊಲೀಸ್ ದೂರು ಕೊಟ್ಟಳು. ಸೈಕಲ್ಲಿನದೂ ಬೀಗದ್ದೂ ರಸೀತಿಗಳಿದ್ದವು. ಕಳ್ಳ ಕತ್ತರಿಸಿ ಬಿಸಾಡಿದ್ದ ಬೀಗದ ಫೋಟೊ ಕೂಡ ಇತ್ತು. ಇಲ್ಲದ್ದು ಎರಡನೆಯ ಕೀಲಿಕೈ. ಮನೆ ಬದಲಿಸುವಾಗ ಎಲ್ಲೋ ಹೋಗಿತ್ತು. ಕ್ಲೇಮು ತಿರಸ್ಕೃತವಾಯಿತು. ಕಂಪನಿಯ ಉತ್ತರದಲ್ಲಿದ್ದ ಕಾರಣ ಒಂದೇ, ಷರತ್ತಿನ ಸಂಖ್ಯೆ. “ಒಪ್ಪಿಕೊಂಡವಳು ನೀನೇ ತಾನೆ?” ಎಂದರು ಕೆಲವರು.

ನಿಜವಾಗಿ ಒಪ್ಪಿಕೊಂಡಿದ್ದಳೇ? ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತು ದೊಡ್ಡದು. ಆದರೆ ಪುಣ್ಯಕೋಟಿಗೆ ತಾನು ಕೊಡುತ್ತಿರುವ ಮಾತು ಏನೆಂದು ಗೊತ್ತಿತ್ತು. ಹುಲಿಯೂ ಆ ಮಾತನ್ನು ಕೇಳಿ, ನಂಬಿ, ಕಾದಿತ್ತು. ಹತ್ತಾರು ಪುಟಗಳ ಸಣ್ಣ ಅಕ್ಷರದ ಕೆಳಗೆ ಒತ್ತಿದ ಗುಂಡಿಯಲ್ಲಿ ಕೊಟ್ಟವರಿಗೆ ಮಾತಿನ ಅರಿವಿಲ್ಲ, ಪಡೆದವರಿಗೆ ನಂಬಿಕೆಯಿಲ್ಲ. ವಿಮೆಯಲ್ಲಿ ಸದ್ಭಾವನೆಯ ಹೊಣೆ ಇಬ್ಬರದೂ ಎಂದು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದು 1766ರಲ್ಲಿ.

ಹಾಗೆಂದು ಕಂಪನಿಯನ್ನು ಕಟುಕನೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭದ ದಾರಿ. ವಿಮೆಯ ಹಣ ಎಲ್ಲರೂ ಸೇರಿ ಕಟ್ಟಿದ್ದು. ಸೈಕಲ್ಲನ್ನು ಕೀಲಿಕೈಸಮೇತ ಮಾರಿ ‘ಕಳುವಾಯಿತು’ ಎನ್ನುವವರಿದ್ದಾರೆ. ಬೀಗ ಹಾಕದೆ ಬಿಟ್ಟು, ಕೀಲಿಕೈಯನ್ನು ಅದರಲ್ಲೇ ಮರೆತವರೂ ಇದ್ದಾರೆ. ಅವರಿಗೆ ಕೊಟ್ಟ ಪರಿಹಾರದ ಭಾರ ಉಳಿದವರ ಪ್ರೀಮಿಯಂ ಮೇಲೆ ಬೀಳುತ್ತದೆ. ಎರಡು ಕೀಲಿಕೈ ಕೇಳುವುದರ ಹಿಂದೆ ಈ ಅನುಮಾನವಿದೆ. ಅದು ಅನ್ಯಾಯದ ಅನುಮಾನವಲ್ಲ.

ಆದರೂ ಈ ಎರಡು ಷರತ್ತುಗಳು ಒಂದೇ ಜಾತಿಯವಲ್ಲ. ಒಳ್ಳೆಯ ಬೀಗ ಕಳ್ಳತನವನ್ನು ತಡೆಯುತ್ತದೆ. ಕೀಲಿಕೈ ತಡೆಯುವುದಿಲ್ಲ, ಬೀಗ ಹಾಕಿತ್ತು, ಸೈಕಲ್ಲು ಕಳುವಾಗಿದ್ದು ನಿಜ ಎಂಬುದಕ್ಕೆ ಅದು ಸಾಕ್ಷಿ ಮಾತ್ರ. ಗೆಳತಿಯ ಎರಡನೆಯ ಕೀಲಿಕೈ ಮೇಜಿನ ಡ್ರಾಯರಿನಲ್ಲೇ ಇದ್ದಿದ್ದರೂ ಕಳ್ಳ ಆ ಬೀಗವನ್ನು ಕತ್ತರಿಸುತ್ತಿದ್ದ. ಸಾಕ್ಷಿ ಬೇರೆ ದಾರಿಯಲ್ಲಿ ಸಿಕ್ಕಮೇಲೂ ಕೀಲಿಕೈಯನ್ನೇ ಹಿಡಿದು ಕೂತರೆ ನಾವು ಸತ್ಯವನ್ನು ಬಿಟ್ಟು ಅದರ ಗುರುತನ್ನು ಕಾಯುತ್ತಿದ್ದೇವೆ ಎಂದರ್ಥ.

ಕಾನೂನು ಇದನ್ನು ಅಲ್ಲಲ್ಲಿ ಗುರುತಿಸಿದೆ. ಬ್ರಿಟನ್ನಿನ 2015ರ ವಿಮಾ ಕಾಯ್ದೆ ಮೊದಲ ಜಾತಿಯ ಷರತ್ತುಗಳ ಬಗ್ಗೆ ಹೇಳುತ್ತದೆ: ಷರತ್ತು ಮುರಿದದ್ದರಿಂದ ಆ ಸಂದರ್ಭದಲ್ಲಿ ಆ ನಷ್ಟದ ಅಪಾಯ ಹೆಚ್ಚುತ್ತಿರಲಿಲ್ಲ ಎಂದು ವಿಮೆದಾರ ತೋರಿಸಿದರೆ, ಕಂಪನಿ ಅದನ್ನೇ ನೆಪ ಮಾಡುವಂತಿಲ್ಲ. ಎರಡನೆಯ ಜಾತಿಗೆ ನಮ್ಮ ಸುಪ್ರೀಂ ಕೋರ್ಟಿನ 2020ರ ಗುರ್‌ಶಿಂದರ್ ಸಿಂಗ್ ತೀರ್ಪು ಹತ್ತಿರ. ಅಲ್ಲಿ ಕಳುವಾದದ್ದು ಟ್ರ್ಯಾಕ್ಟರ್. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೂ ಕಂಪನಿಗೆ ತಿಳಿಸುವುದು ತಡವಾಗಿತ್ತು. ಕಳ್ಳತನ ನಿಜವೆಂದು ತನಿಖೆಯಲ್ಲಿ ಕಂಡಮೇಲೆ ಕೇವಲ ಆ ತಡಕ್ಕಾಗಿ ಪರಿಹಾರ ನಿರಾಕರಿಸಲಾಗದು ಎಂದಿತು ನ್ಯಾಯಾಲಯ.

ಪ್ರತಿ ಷರತ್ತಿಗೂ ಒಂದು ಪ್ರಶ್ನೆ ಕೇಳಬಹುದು: ನಿನಗೆ ಯಾವುದರ ಭಯ? ಆ ಭಯವೇ ನಿಜವಾಗಿದ್ದರೆ ಪರಿಹಾರ ಕೊಡದಿರುವುದು ನ್ಯಾಯ. ಭಯಕ್ಕೆ ಬೇರೆ ಉತ್ತರ ಸಿಕ್ಕಿದ್ದರೆ ಷರತ್ತಿನ ಕೆಲಸ ಮುಗಿಯಿತು. ಪಾಲಿಸಿ ಓದಬೇಕಾದದ್ದು ನಮ್ಮ ಜವಾಬ್ದಾರಿ, ಒಪ್ಪುತ್ತೇನೆ. ಕತ್ತರಿಸಿದ ಬೀಗದ ಫೋಟೊ ನೋಡಬೇಕಾದದ್ದು ಕಂಪನಿಯ ಜವಾಬ್ದಾರಿ.