ಸಂತೋಷಪಡಲು ಹೋದವರು ಮಾಡಿದ ಪಾಪವೇನು?

(ಧ್ಯಾನಕ್ಕಾಗಿ: ಸಂತ ಲೂಕನ ಶುಭಸಂದೇಶ 13:1-9)



ಆಗಸ್ಟ್ 25 ಹತ್ತಿರ ಬರುತ್ತಿದೆ. 2007ರಲ್ಲಿ ಆ ದಿನ ಶನಿವಾರ. ಸಂಜೆ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿರುವ ಲುಂಬಿನಿ ಪಾರ್ಕಿನಲ್ಲಿ ಲೇಸರ್ ಶೋ ನೋಡಲು ಜನ ಕೂಡಿದ್ದರು. ಮಹಾರಾಷ್ಟ್ರದಿಂದ ಪ್ರವಾಸಕ್ಕೆ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಅಲ್ಲಿದ್ದರು. ಅವರ ನಡುವೆಯೇ ಬಾಂಬ್ ಸಿಡಿಯಿತು. ಕೆಲವೇ ನಿಮಿಷಗಳಲ್ಲಿ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲಿ ಇನ್ನೊಂದು. ದಿಲ್‌ಸುಖ್‌ನಗರದಲ್ಲಿ ಇಟ್ಟಿದ್ದ ಮತ್ತೊಂದು ಸಿಡಿಯುವ ಮೊದಲೇ ಸಿಕ್ಕಿತು. ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ನಮಗೆ ಹೈದರಾಬಾದ್ ಪರಸ್ಥಳವಲ್ಲ. ದವಾಖಾನೆಗೆ, ಕೂಲಿಗೆ, ಮಕ್ಕಳ ಓದಿಗೆ ನಾವು ಹೋಗಿಬರುವ ಊರು ಅದು. ಆ ಸಂಜೆ ಅಲ್ಲಿ ಕುಳಿತವರು ನಮ್ಮವರೇ ಆಗಿರಬಹುದಿತ್ತು.

ಇಂಥದ್ದು ಅಲ್ಲಿಗೇ ನಿಲ್ಲಲಿಲ್ಲ. 2023ರ ಅಕ್ಟೋಬರ್ 7ರ ಬೆಳಿಗ್ಗೆ ಇಸ್ರೇಲಿನ ದಕ್ಷಿಣದಲ್ಲಿ ನೋವಾ ಎಂಬ ಸಂಗೀತೋತ್ಸವಕ್ಕೆ ಬಂದಿದ್ದ ಯುವಜನರ ಮೇಲೆ ಹಮಾಸ್ ಉಗ್ರರು ಗುಂಡಿನ ಮಳೆಗರೆದರು. 350ಕ್ಕೂ ಹೆಚ್ಚು ಜನ ಸತ್ತರು. ಹಲವರನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಅದರ ಬೆನ್ನಿಗೆ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ, ಅವರಲ್ಲಿ ಎಷ್ಟೋ ಮಕ್ಕಳು, ಸತ್ತರು. ಒತ್ತೆಯಾಳುಗಳನ್ನು ಬಿಡಿ ಎಂದೂ ಯುದ್ಧ ನಿಲ್ಲಿಸಿ ಎಂದೂ ಕೇಳುತ್ತಿದ್ದ ವಿಶ್ವಗುರು ಫ್ರಾನ್ಸಿಸ್‌ರವರು, ಗಾಜಾದ ಪವಿತ್ರ ಕುಟುಂಬ ಧರ್ಮಕೇಂದ್ರಕ್ಕೆ ಬಹುತೇಕ ಪ್ರತಿ ಸಂಜೆ ಫೋನ್ ಮಾಡಿ ಅಲ್ಲಿನವರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಒಂದು ಕಡೆಯವರಿಗಾಗಿ ಅತ್ತರೆ ಇನ್ನೊಂದು ಕಡೆಯವರಿಗೆ ದ್ರೋಹವಾಗುತ್ತದೆಂದು ಅವರು ಎಣಿಸಲಿಲ್ಲ.

ಪ್ರಿಯರೇ, ಇಂಥ ಸುದ್ದಿ ಬಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? “ಅವರು ಅಲ್ಲಿಗ್ಯಾಕ ಹೋಗಿದ್ರು? ಮನ್ಯಾಗ ಇದ್ದಿದ್ರ ಉಳೀತಿದ್ರು.” ಪ್ರಭು ಯೇಸುವಿನ ಬಳಿಗೂ ಇಂಥದೇ ಸುದ್ದಿ ಬಂತು. ದೇವರಿಗೆ ಬಲಿ ಅರ್ಪಿಸುತ್ತಿದ್ದ ಗಲಿಲೇಯದವರನ್ನು ಪಿಲಾತನು ಕೊಲ್ಲಿಸಿ, ಅವರ ರಕ್ತ ಬಲಿಯ ರಕ್ತದೊಡನೆ ಬೆರೆಯುವಂತೆ ಮಾಡಿದ್ದನು. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂದು ಪ್ರಭುವೇ ಕೇಳಿ, ಖಂಡಿತ ಅಲ್ಲ ಎಂದು ತಾವೇ ಉತ್ತರಿಸಿದರು. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಜನರ ಬಗ್ಗೆಯೂ ಅದೇ ಉತ್ತರ. ಕೊನೆಗೆ ಕೇಳುತ್ತಿದ್ದವರ ಕಡೆಗೇ ತಿರುಗಿ, ನೀವು ಮನಪರಿವರ್ತನೆ ಹೊಂದಿರಿ ಎಂದರು.

ಆದ್ದರಿಂದ ಸತ್ತವರ ಮೇಲೆ ತಪ್ಪು ಹೊರಿಸುವ ಮಾತು ನಮಗೆ ಬೇಡ. ಹಾಡು ಕೇಳುವುದು, ಮಕ್ಕಳೊಡನೆ ಬೆಳಕಿನಾಟ ನೋಡುವುದು, ಗೆಳೆಯರೊಂದಿಗೆ ಚಾಟ್ ತಿನ್ನುವುದು ಪಾಪವಲ್ಲ. ನಮ್ಮ ಪ್ರಭು ಕಾನಾ ಊರಿನ ಮದುವೆಗೆ ಹೋದವರು; ಅಲ್ಲಿನ ಸಂತೋಷಕ್ಕೆ ಕೊರತೆ ಬಂದಾಗ ನೀರನ್ನು ದ್ರಾಕ್ಷಾರಸವಾಗಿಸಿದವರು. ಸಂತೋಷಕ್ಕೆ ಕೂಡಿದ ಜನರನ್ನೇ ಹುಡುಕಿ ಕೊಲ್ಲುವವನು ಆ ಸಂತೋಷ ಕೊಟ್ಟ ದೇವರ ಮೇಲೆಯೇ ಕೈ ಎತ್ತುತ್ತಾನೆ. ಅವನು ಯಾವ ದೇವರ ಹೆಸರನ್ನೇ ಹೇಳಲಿ, ಅದು ದೇವದೂಷಣೆ.

ನಮ್ಮ ಬಾಯಿಗೆ ಬರುವ ಎರಡನೆಯ ಪ್ರಶ್ನೆ: “ಇದನ್ನ ಮಾಡಿದವರು ಯಾರ ಪೈಕಿ?” ಅಪರಾಧಿ ಯಾರೆಂದು ಪೊಲೀಸರೂ ನ್ಯಾಯಾಲಯವೂ ಕೇಳಲೇಬೇಕು. ನಾವು ಓಣಿಯಲ್ಲಿ ನಿಂತು ಕೇಳುವಾಗ ಮಾತ್ರ ಅಪರಾಧಿಯ ಹೆಸರಿಗಿಂತ ಅವನ ಜಾತಿ ಧರ್ಮವೇ ನಮಗೆ ಬೇಕಾಗಿರುತ್ತದೆ. ಅದೇ 2007ರ ಮೇ 18ರಂದು ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ ನಮಾಜಿಗೆ ಬಂದವರ ನಡುವೆ ಬಾಂಬ್ ಸಿಡಿದಿತ್ತು. ಆಮೇಲೆ ಹಿಡಿದೊಯ್ದ ಹಲವು ಮುಸ್ಲಿಂ ಯುವಕರು ನಿರಪರಾಧಿಗಳೆಂದು ಬಿಡುಗಡೆಯಾದರು. 2012ರಲ್ಲಿ ಸರ್ಕಾರವೇ ಅವರಿಗೆ ಪರಿಹಾರ ಧನ ಕೊಟ್ಟಿತು. ಹೋದ ವರ್ಷಗಳು, ಹೋದ ಮಾನ ಹಣದಿಂದ ಮರಳಿ ಬರುತ್ತವೆಯೇ?

ಪಿಲಾತನು ರಕ್ತ ಹರಿಸಿದ್ದು ನಿಜ. ಆದರೂ ಪ್ರಭು ರೋಮನ್ನರನ್ನೆಲ್ಲ ಶಪಿಸಲಿಲ್ಲ. ಕಫೆರ್ನವುಮಿನ ಶತಾಧಿಪತಿಯ ಸೇವಕನನ್ನು ಗುಣಪಡಿಸಿ, ಅವನ ವಿಶ್ವಾಸವನ್ನು ಎಲ್ಲರ ಮುಂದೆ ಮೆಚ್ಚಿದರು. ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ, ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ, ನಾವು ಹೇಳುವುದು ಆ ಪರಕೀಯ ಸೈನಿಕನ ಮಾತನ್ನೇ. ಅವನ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡು ಪ್ರಭುವನ್ನು ಸ್ವೀಕರಿಸಿದವರು, ಗುಡಿಯಿಂದ ಹೊರಬಂದು ನೆರೆಯವನನ್ನು ಹೇಗೆ ಹಗೆಯೆಂದು ನೋಡೋಣ?

ಅದೇ ಅಧ್ಯಾಯದಲ್ಲಿ ಪ್ರಭು ಅಂಜೂರದ ಮರದ ಸಾಮತಿ ಹೇಳುತ್ತಾರೆ. ಫಲ ಕೊಡದ ಮರವನ್ನು ಕಡಿದುಹಾಕು ಎನ್ನುತ್ತಾನೆ ಒಡೆಯ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ ತೋಟಗಾರ. 2018ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು 2007ರ ಆಗಸ್ಟ್ ಸ್ಫೋಟಗಳ ಅಪರಾಧಿಗಳಲ್ಲಿ ಇಬ್ಬರಿಗೆ ಮರಣದಂಡನೆಯನ್ನೂ ಒಬ್ಬನಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಮರಣದಂಡನೆಯನ್ನು ಒಪ್ಪಲಾಗದೆಂದು ಧರ್ಮಸಭೆ ತನ್ನ ಧರ್ಮೋಪದೇಶದಲ್ಲಿ ತಿದ್ದಿ ಬರೆದಿತ್ತು. ನ್ಯಾಯ ಬೇಕು, ಶಿಕ್ಷೆ ಬೇಕು, ಜನರಿಗೆ ರಕ್ಷಣೆ ಬೇಕು. ಆದರೆ ಕೊಂದವನೂ ಪಶ್ಚಾತ್ತಾಪಪಡಲು ಒಂದು ವರ್ಷ ಬೇಡುವ ತೋಟಗಾರ ನಮ್ಮ ಪ್ರಭು. ಮಗನನ್ನು ಕಳೆದುಕೊಂಡ ತಾಯಿಗೆ ಈ ಮಾತು ಬೋಧಿಸುವ ಹಕ್ಕು ನಮಗಿಲ್ಲ. ಅವಳ ಪಕ್ಕದಲ್ಲಿ ಕುಳಿತು ಅಳುವ ಕರ್ತವ್ಯವಿದೆ. ರಕ್ತಕ್ಕೆ ರಕ್ತ ಎಂದು ಕೂಗುವ ನಮ್ಮ ಮನಸ್ಸಿಗೆ ಮಾತ್ರ ನಾವು ಇದನ್ನು ಹೇಳಿಕೊಳ್ಳಲೇಬೇಕು.

ಹಾಗಾದರೆ ನಮ್ಮ ಬುಡಕ್ಕೆ ಹಾಕಬೇಕಾದ ಗೊಬ್ಬರ ಯಾವುದು? ಮೊದಲನೆಯದಾಗಿ, ಆಗಸ್ಟ್ 25ರಂದು ಮನೆಯಲ್ಲಿ ಜಪಸರ ಹೇಳುವಾಗ ಒಂದು ದಶಕವನ್ನು ಲುಂಬಿನಿ ಪಾರ್ಕಿನಲ್ಲೂ ಗೋಕುಲ್ ಚಾಟ್‌ನಲ್ಲೂ ಸತ್ತವರಿಗೆ ಅರ್ಪಿಸೋಣ. ಎರಡನೆಯದಾಗಿ, ದಾಳಿಯ ವಿಡಿಯೋ, ಒಂದು ಸಮುದಾಯವನ್ನು ಬಯ್ಯುವ ಸಂದೇಶ ವಾಟ್ಸಾಪಿನಲ್ಲಿ ಬಂದರೆ ನಮ್ಮ ಕೈಯಲ್ಲೇ ಅದು ನಿಲ್ಲಲಿ. ಮೂರನೆಯದಾಗಿ, ನೆರೆಹೊರೆಯವರ ಸಂತೋಷದಲ್ಲಿ ಪಾಲುಗೊಳ್ಳೋಣ. ಶಿವರಾತ್ರಿಗೆ ನಮ್ಮ ಝರಾಸಂಗಂನ ಕೇತಕಿ ಸಂಗಮೇಶ್ವರ ಗುಡಿಗೆ ಬರುವವರಿಗೆ ಒಂದು ಬಿಂದಿಗೆ ನೀರು ಕೊಡುವುದು, ಈದ್ ದಿನ ನೆರೆಮನೆಗೆ ಹೋಗಿ ಕೈಕುಲುಕುವುದು ಸಣ್ಣ ಕೆಲಸವಲ್ಲ. ಎಣಿಕೆಯಲ್ಲಿ ನಾವು ಕೆಲವೇ ಮನೆಗಳಿರಬಹುದು; ಹಿಟ್ಟಿನಲ್ಲಿ ಹುಳಿಯೂ ಸ್ವಲ್ಪವೇ ಇರುತ್ತದೆ.

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಅಂಜಿಕೆಯಿಂದ ಹಾಡು ತಗ್ಗಿಸುವುದು ಬೇಡ. ಮಕ್ಕಳು ಮುಂದೆ ನಿಂತು ಹಾಡಲಿ. ಹಾಡು ಕೇಳುತ್ತಲೇ ಸತ್ತವರನ್ನು ನೆನೆದು, ನಾವು ಅವರ ಪರವಾಗಿಯೂ ಹಾಡೋಣ.

ಪ್ರಾರ್ಥಿಸೋಣ: ಜೀವದಾತರಾದ ತಂದೆಯೇ, ಸಂತೋಷದ ನಡುವೆ ಕೊಲ್ಲಲ್ಪಟ್ಟವರನ್ನು ನಿಮ್ಮ ನಿತ್ಯ ಹಬ್ಬಕ್ಕೆ ಸೇರಿಸಿಕೊಳ್ಳಿ. ಅವರ ಮನೆಯವರನ್ನು ಸಂತೈಸಿ. ಕೊಲ್ಲುವವರ ಕೈ ತಡೆದು ಮನಸ್ಸು ತಿರುಗಿಸಿ. ನಮ್ಮ ನಾಲಿಗೆಯನ್ನು ದ್ವೇಷದಿಂದ ಕಾಯಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.