ಓಟದ ದಿನ ಹೊಸದೇನೂ ಬೇಡ

ಫ್ಯಾನ್ ಕೆಳಗೆ ಕೂತವರು ಸ್ವಲ್ಪ ಒತ್ತಿ ಕೂತ್ಕೊಳ್ರಿ, ಹಿಂದೆ ಅಕ್ಕಂದಿರು ಬಿಸಿಲಿನ ಕಿಟಕಿ ಹತ್ರ ಇದ್ದಾರೆ. ಸತ್ಯವೇದದಲ್ಲಿ ಮೂರು ಕಡೆ ಬೆರಳು ಇಟ್ಟುಕೊಳ್ಳಿ. 1 ಕೊರಿಂಥದವರಿಗೆ 9ನೇ ಅಧ್ಯಾಯ 24ರಿಂದ 27. 1 ಸಮುವೇಲ 17, ವಚನ 38ರಿಂದ 40. ಆಮೇಲೆ 1 ಅರಸುಗಳು 19. ಸಿಕ್ಕವರು ಆಮೆನ್ ಅನ್ನಿ.

ಪೌಲನು ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ ಅಂತ ಅಪೊಸ್ತಲರ ಕೃತ್ಯಗಳು 18ರಲ್ಲಿ ಓದುತ್ತೇವೆ. ಆ ಊರಿನ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯಾದ ಕ್ರೀಡೆಗಳು ನಡೀತಿದ್ದವು. ನಮ್ಮಲ್ಲಿ ಜಾತ್ರೆಗೆ ಕುಸ್ತಿ ನೋಡಲು ಊರೂರಿನ ಜನ ಸೇರಿದ ಹಾಗೆ ಅಲ್ಲಿಗೂ ಜನ ಸೇರ್ತಿದ್ದರು. ಗೆದ್ದವನ ತಲೆಗೆ ಎಲೆಯ ಕಿರೀಟ. ಕೆಲವು ದಿನದಲ್ಲಿ ಬಾಡಿ ಹೋಗುವ ಕಿರೀಟ. ಆ ಬಾಡುವ ಕಿರೀಟಕ್ಕೆ ಒಬ್ಬ ಓಟಗಾರ ಊಟದಲ್ಲಿ, ನಿದ್ದೆಯಲ್ಲಿ, ಎಲ್ಲದರಲ್ಲೂ ತನ್ನನ್ನು ಹಿಡಿತದಲ್ಲಿ ಇಟ್ಟುಕೊಳ್ತಾನಲ್ಲ, ಬಾಡದ ಕಿರೀಟಕ್ಕೆ ಓಡುವ ನಾವೇನು ಮಾಡ್ತಿದ್ದೀವಿ ಅಂತ ಪೌಲನು ಕೇಳುತ್ತಾನೆ. ಪ್ರಶ್ನೆ ಅವರಿಗೆ ಮಾತ್ರ ಅಲ್ಲ, ಶಿರಹಟ್ಟಿಗೂ ಬಂತು.

ಗೋವಾದಲ್ಲಿ ಹೋಟೆಲ್ ಕೆಲಸಕ್ಕೆ ಹೋಗಿರುವ ನಮ್ಮ ಸಭೆಯ ಒಬ್ಬ ತಮ್ಮ ಇದ್ದಾನೆ. ನಮ್ಮ ಗದಗ, ಕೊಪ್ಪಳ ಕಡೆಯಿಂದ ಎಷ್ಟು ಮಂದಿ ಅಲ್ಲಿಗೆ ದುಡಿಯೋಕೆ ಹೋಗ್ತಾರೆ ನಿಮಗೇ ಗೊತ್ತು. ಅವನು ಫೋನ್ ಮಾಡಿ, 'ಪಾಸ್ಟರ್, ಇಲ್ಲೊಂದು ರೇಸ್ ನೋಡಿದೆ, ಇವರಿಗೆ ತಲೆ ಕೆಟ್ಟೈತೋ ಏನೋ' ಅಂದ. ಅದರ ಹೆಸರು ಐರನ್‌ಮ್ಯಾನ್ 70.3. 2019ರಿಂದ ಪಣಜಿಯಲ್ಲಿ ನಡೀತಾ ಬಂದಿದೆ. ಮೊದಲು ಸಮುದ್ರದಲ್ಲಿ 1.9 ಕಿ.ಮೀ. ಈಜು. ಹೊರಗೆ ಬಂದವರು ಒದ್ದೆ ಮೈಯಲ್ಲೇ ಸೈಕಲ್ ಹತ್ತಿ 90 ಕಿ.ಮೀ. ತುಳಿಯಬೇಕು, ಏರು ಇಳಿವು ಎಲ್ಲ ಸೇರಿ. ಸೈಕಲ್ ಇಳಿದ ಕಾಲಿನಲ್ಲೇ 21 ಕಿ.ಮೀ. ಓಡಬೇಕು. ಅಂದ್ರೆ ಇಲ್ಲಿಂದ ಹೊರಟು ಗದಗಿನ ಹತ್ತಿರ ಮುಟ್ಟುವಷ್ಟು ಓಟ, ಅದೂ ನೆತ್ತಿ ಮೇಲೆ ಸೂರ್ಯ ಬಂದ ಹೊತ್ತಿಗೆ. ಎಂಟೂವರೆ ತಾಸಿನೊಳಗೆ ಮುಗಿಸಬೇಕು.

ನೀವು ಈ ಹೆಸರು ಕೇಳಿರಬಹುದು. 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಎಂಪಿ ತೇಜಸ್ವಿ ಸೂರ್ಯ ಇದನ್ನು ಮುಗಿಸಿದ್ದು ಪೇಪರ್‌ನಲ್ಲಿ ಬಂದಿತ್ತು. ರಾಜಕೀಯ ಹೊರಗೆ ಚಪ್ಪಲಿ ಜೊತೆ ಬಿಡ್ರಿ, ನಾನು ಅದಕ್ಕೆ ಹೇಳ್ತಿಲ್ಲ. ಅವರು ಮುಗಿಸಿದ್ದು 8 ತಾಸು 27 ನಿಮಿಷಕ್ಕೆ. ಬಾಗಿಲು ಮುಚ್ಚೋಕೆ ಮೂರು ನಿಮಿಷವೂ ಇರಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ, 2022ರಲ್ಲಿ, ಅದೇ ಗೋವಾದಲ್ಲಿ ತಂಡದ ಜೊತೆ ಸೇರಿ ಸೈಕಲ್ ಭಾಗ ಮಾತ್ರ ಮಾಡಿದ್ದರು. ಜನ ಫೋಟೋ ನೋಡಿದ್ದು ಒಂದು ದಿನದ್ದು. ಆ ದಿನದ ಹಿಂದೆ ಎಷ್ಟು ಬೆಳಗಿನ ಜಾವ ಇದ್ದವು, ಅದನ್ನು ಯಾರೂ ಫೋಟೋ ತೆಗೆಯಲ್ಲ.

ಇಂಥ ರೇಸ್‌ಗೆ ತಯಾರಾಗುವವರು ಬಿಸಿಲನ್ನೂ ಕಲೀಬೇಕು. ದೇಹಕ್ಕೆ ಬಿಸಿಲು ಒಗ್ಗಲು ಹತ್ತು ಹದಿನಾಲ್ಕು ದಿನ ಹಿಡಿಯುತ್ತೆ. ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ಮೈ ದಣಿಸಿದರೆ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ದೇವರು ದೇಹವನ್ನು ಹೇಗೆ ನಿರ್ಮಿಸಿದ್ದಾನೆ ನೋಡ್ರಿ! ಎಸಿ ರೂಮಿನಲ್ಲಿ ಕೂತು ಬಿಸಿಲಿನ ಬಗ್ಗೆ ಓದಿದರೆ ಇದು ಆಗಲ್ಲ. ಗುಡ್ಡದ ವಿಷಯವೂ ಹಾಗೇ. ಗದಗ, ಬಾಗಲಕೋಟೆ, ವಿಜಯಪುರ ಅಂದ್ರೆ ಕರ್ನಾಟಕದ ಸೈಕಲ್ ಹುಡುಗರ ತವರು. ಆ ಹುಡುಗರನ್ನು ಕೇಳಿ, ಮೊದಲ ಏರಿನಲ್ಲೇ ಎದ್ದು ನಿಂತು ತುಳಿದವನು ಕೊನೆಯ ಏರಿನಲ್ಲಿ ಏನಾಗ್ತಾನೆ ಅಂತ. ಕಪ್ಪತಗುಡ್ಡದ ಕಡೆ ಎದುರುಗಾಳಿ ಬೇರೆ, ಅಲ್ಲಿ ಗಾಳಿ ಗಿರಣಿ ಸುಮ್ಮನೆ ನಿಲ್ಲಿಸಿಲ್ಲ. ಹೊಸದಾಗಿ ರಕ್ಷಣೆ ಹೊಂದಿದ ಕೆಲವು ತಮ್ಮಂದಿರು ಮೊದಲ ತಿಂಗಳು ದಿನಾ ಮೂರು ಮೀಟಿಂಗ್, ನಾಲ್ಕನೇ ತಿಂಗಳು ಭಾನುವಾರವೂ ಇಲ್ಲ. ಇದನ್ನು ಇಷ್ಟಕ್ಕೇ ಬಿಡ್ತೀನಿ, ಯಾರ ಮುಖವನ್ನೂ ನೋಡಲ್ಲ.

ಅವರಲ್ಲಿ ಒಂದು ನಿಯಮ ಇದೆ. ದೊಡ್ಡ ಆಟಗಾರರಿಂದ ಹಿಡಿದು ಹೊಸಬರ ತನಕ ಎಲ್ಲರೂ ಹೇಳ್ತಾರೆ: ಓಟದ ದಿನ ಹೊಸದೇನೂ ಬೇಡ. ಹೊಸ ಬೂಟು ಬೇಡ, ಮೂರು ಕಿಲೋಮೀಟರ್‌ಗೇ ಬೊಬ್ಬೆ ಬರುತ್ತೆ. ಗೆಳೆಯ ಕೊಟ್ಟ ಹೊಸ ಪುಡಿ ನೀರಿಗೆ ಹಾಕಬೇಡ, ಹೊಟ್ಟೆ ತಿರುಗುತ್ತೆ. ತರಬೇತಿಯಲ್ಲಿ ತಿಂದಿದ್ದನ್ನೇ ತಿನ್ನು, ತರಬೇತಿಯಲ್ಲಿ ಹಾಕಿದ್ದನ್ನೇ ಹಾಕು. ಹೊಟ್ಟೆಗೂ ಅಭ್ಯಾಸ ಬೇಕಂತೆ.

ಈಗ 1 ಸಮುವೇಲ 17ಕ್ಕೆ ಬರ್ರಿ. ಗೊಲ್ಯಾತನು ಕಣಿವೆಯಲ್ಲಿ ನಿಂತಿದ್ದಾನೆ. ದಾವೀದನು ಹೋಗ್ತೀನಿ ಅಂದಾಗ ಸೌಲನು ತನ್ನ ಕವಚ, ತಾಮ್ರದ ಶಿರಸ್ತ್ರಾಣ, ಕತ್ತಿ ಎಲ್ಲ ತಂದು ತೊಡಿಸಿದ. ಕೆಟ್ಟ ಸಾಮಾನಲ್ಲ ಅದು, ಅರಸನ ಸಾಮಾನು. ಇಸ್ರಾಯೇಲಿನಲ್ಲಿ ಅದಕ್ಕಿಂತ ಒಳ್ಳೇದು ಇರಲಿಕ್ಕಿಲ್ಲ. ದಾವೀದನು ಹಾಕಿಕೊಂಡು ನಡೆದು ನೋಡಿದ. ನಂಗೆ ಇದರ ರೂಢಿ ಇಲ್ಲ ಅಂತ ತೆಗೆದಿಟ್ಟ. ಗಮನಿಸಿ, ನಂಬಿಕೆ ಇಲ್ಲ ಅನ್ನಲಿಲ್ಲ, ರೂಢಿ ಇಲ್ಲ ಅಂದ. ಹಳ್ಳಕ್ಕೆ ಇಳಿದು ಐದು ನುಣುಪು ಕಲ್ಲು ಆರಿಸಿಕೊಂಡ. ಕವಣೆ ಅವನ ಕೈಗೆ ಗೊತ್ತು. ಕುರಿ ಕಾಯ್ತಾ ಸಿಂಹ, ಕರಡಿ ಬಂದ ದಿನ ಯಾವ ಕ್ಯಾಮೆರಾನೂ ಇರಲಿಲ್ಲ, ಯಾವ ಸೈನ್ಯವೂ ಚಪ್ಪಾಳೆ ಹೊಡೀಲಿಲ್ಲ. ಕುರಿ ಕಾಯುವವರು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಇದ್ದಾರೆ, ಆ ಒಂಟಿತನ ಅವರಿಗೆ ಗೊತ್ತು. ಅಲ್ಲಿ ಕಲಿತ ಕೈ ಗೊಲ್ಯಾತನ ಮುಂದೆ ನಡುಗಲಿಲ್ಲ.

ನಮ್ಮ ಕಷ್ಟದ ದಿನ ಬಂದಾಗ ನಾವು ಮಾಡೋದೇನು? ಹತ್ತು ವಾಟ್ಸಾಪ್ ಗ್ರೂಪಿಗೆ ಪ್ರಾರ್ಥನಾ ವಿನಂತಿ. ಯೂಟ್ಯೂಬ್‌ನಲ್ಲಿ ಯಾವುದೋ ರಾಜ್ಯದ ಸೇವಕರ ಪ್ರಾರ್ಥನೆ ಹಾಕಿ ರೋಗಿಯ ತಲೆ ಹತ್ತಿರ ಮೊಬೈಲ್ ಇಡೋದು. ಪ್ರಾರ್ಥನೆ ಕೇಳೋದು ತಪ್ಪಲ್ಲ, ನಂಗೂ ಫೋನ್ ಮಾಡ್ರಿ, ರಾತ್ರಿ ಎರಡಕ್ಕೆ ಮಾಡಿದ್ರೂ ಎತ್ತುತ್ತೀನಿ. ಆದ್ರೆ ಅದು ಸೌಲನ ಕವಚ. ನಿಮ್ಮ ಕವಣೆ ಎಲ್ಲಿ?

ಐರನ್‌ಮ್ಯಾನ್ ಶುರುವಾದ ಮೊದಲ ವರ್ಷದ ಕಥೆ ಕೇಳಿ. 1978ರ ಫೆಬ್ರವರಿ 18, ಹವಾಯಿ ದ್ವೀಪ. ಅದು ಇದರ ದುಪ್ಪಟ್ಟು: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42 ಕಿ.ಮೀ. ಓಟ. ಶುರು ಮಾಡಿದವರು 15 ಜನ, ಮುಗಿಸಿದವರು 12. ಆಗ ದಾರಿಯಲ್ಲಿ ನೀರಿನ ಟೇಬಲ್ ಇರಲಿಲ್ಲ, ಅವರವರ ಗೆಳೆಯರೇ ಗಾಡಿಯಲ್ಲಿ ನೀರು ಹೊತ್ತು ಹಿಂದೆ ಬರಬೇಕು. ಜಾನ್ ಡನ್‌ಬಾರ್ ಅನ್ನುವವನು ಮುಂದೆ ಇದ್ದ. ಓಟದ ಹೊತ್ತಿಗೆ ಅವನ ಗೆಳೆಯರ ಹತ್ತಿರ ನೀರು ಮುಗೀತು. ಗಾಡಿಯಲ್ಲಿ ಉಳಿದಿದ್ದು ಬಿಯರ್. ಅದನ್ನೇ ಕೊಟ್ಟರು! ನಗಬೇಡ್ರಿ. ಗೋರ್ಡನ್ ಹ್ಯಾಲರ್ ಅವನನ್ನು ದಾಟಿ ಗೆದ್ದ, ಡನ್‌ಬಾರ್ ಅರ್ಧ ತಾಸಿನ ಮೇಲೆ ಎರಡನೆಯವನಾಗಿ ಬಂದ. ಶಕ್ತಿ ಇತ್ತು, ಮನಸ್ಸೂ ಇತ್ತು. ಗಾಡಿಯಲ್ಲಿ ಏನು ತುಂಬಿದ್ದರೋ ಅದು ಮಾತ್ರ ಸಿಕ್ಕಿತು. ಬಾಯಾರಿಕೆ ಬಂದಾಗ ಗಾಡಿ ತನ್ನಷ್ಟಕ್ಕೆ ನೀರು ಹುಟ್ಟಿಸಲ್ಲ. ಮನೆಯಲ್ಲಿ ಜಗಳ ಬಂದ ರಾತ್ರಿ, ಬ್ಯಾಂಕಿನ ನೋಟಿಸ್ ಬಂದ ದಿನ, ನಿಮ್ಮ ಗಾಡಿಯಿಂದ ಏನು ಹೊರಗೆ ಬರುತ್ತೆ? ವರ್ಷವಿಡೀ ತುಂಬಿದ್ದೇ ಬರುತ್ತೆ.

ಇಲ್ಲಿ ಒಬ್ಬರು ಕೇಳೇ ಕೇಳ್ತಾರೆ, ಬೈಬಲ್ ಕಾಲೇಜಿನಲ್ಲಿ ನಾವೂ ಇದರ ಮೇಲೆ ರಾತ್ರಿಯಿಡೀ ವಾದ ಮಾಡಿದ್ದೀವಿ. 'ಪಾಸ್ಟರ್, ನಾವು ಪೆಂತೆಕೊಸ್ತಿನವರು. ಅಭಿಷೇಕ ಇದ್ರೆ ಸಾಕು. ಆ ಗಳಿಗೆಯಲ್ಲಿ ಏನು ಮಾತಾಡಬೇಕೋ ಅದನ್ನು ಕೊಡ್ತೀನಿ ಅಂತ ಯೇಸುವೇ ಹೇಳಿದ್ದಾನಲ್ಲ, ಮತ್ತಾಯ 10:19.' ಹೌದು, ಹೇಳಿದ್ದಾನೆ. ನಾನು ಆ ವಾಕ್ಯ ನಂಬ್ತೀನಿ, ಅನ್ಯಭಾಷೆಯನ್ನೂ ನಂಬ್ತೀನಿ. ಆದ್ರೆ ಅದನ್ನು ಹೇಳಿದ್ದು ಯಾರಿಗೆ? ಹಗಲು ರಾತ್ರಿ ತನ್ನ ಜೊತೆ ನಡೆದು, ತನ್ನ ಬಾಯಿಂದ ಕೇಳಿದ ಶಿಷ್ಯರಿಗೆ. ಯೋಹಾನ 14:26 ತೆಗೀರಿ. ಪವಿತ್ರಾತ್ಮನು ಕಲಿಸ್ತಾನೆ, ಯೇಸು ಹೇಳಿದ್ದನ್ನು ನೆನಪಿಗೆ ತರ್ತಾನೆ ಅಂತ ಅಲ್ಲಿದೆ. ನೆನಪಿಗೆ ತರಬೇಕಾದ್ರೆ ಒಳಗೆ ಒಮ್ಮೆಯಾದ್ರೂ ಹೋಗಿರಬೇಕಲ್ಲ? ಬಾವಿಯಲ್ಲಿ ನೀರಿದ್ರೆ ಹಗ್ಗಕ್ಕೆ ಕೆಲಸ. ಬತ್ತಿದ ಬಾವಿಯಲ್ಲಿ ಕೊಡ ಬಿಟ್ಟು 'ಆತ್ಮನೇ ಬಾ' ಅಂದ್ರೆ ಕೊಡ ಕಲ್ಲಿಗೆ ಬಡಿಯೋ ಸದ್ದಷ್ಟೇ ಕೇಳುತ್ತೆ. ಇನ್ನೊಂದು ಮಾತು. ರಕ್ಷಣೆ ಈ ತರಬೇತಿಯಿಂದ ಬರಲ್ಲ. ಅದನ್ನು ಕ್ರಿಸ್ತನು ಶಿಲುಬೆಯಲ್ಲಿ ಮುಗಿಸಿದ್ದಾನೆ. ಮಗನಾಗೋಕೆ ಯಾರೂ ಓಡ್ತಿಲ್ಲ, ಮಕ್ಕಳಾದವರು ಓಡ್ತಿದ್ದೀವಿ.

1 ಅರಸುಗಳು 19. ಎಲೀಯನು ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದ್ದಾನೆ. ದೇವದೂತನು ಬಂದು ಪ್ರಸಂಗ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ, ದಾರಿ ದೂರ ಇದೆ, ತಿನ್ನು ಅಂದ. ಹೋರೇಬಿನ ತನಕ ನಲವತ್ತು ದಿನದ ದಾರಿಗೆ ಹಸಿವೆ ಆಗುವ ಮುಂಚೆಯೇ ಊಟ. ರೇಸಿನವರೂ ಇದನ್ನೇ ಹೇಳ್ತಾರೆ, ಬಾಯಾರುವ ತನಕ ಕಾಯಬೇಡ ಅಂತ. ಬರೀ ನೀರೂ ಅತಿಯಾಗಿ ಕುಡೀಬಾರದು, ರಕ್ತದ ಉಪ್ಪು ಕರಗಿ ತಲೆ ತಿರುಗಿ ಬೀಳ್ತಾರೆ. ಈ ಬಿಸಿಲಲ್ಲಿ ಹೊಲಕ್ಕೆ ಹೋಗುವವರಿಗೂ ಇದೇ ಮಾತು: ಮಜ್ಜಿಗೆಗೆ ಉಪ್ಪು ಹಾಕಿ ಒಯ್ಯಿರಿ, ಮಧ್ಯಾಹ್ನ ನೆರಳು ಹಿಡೀರಿ. ಉಪವಾಸ ಪ್ರಾರ್ಥನೆಗೆ ಬರುವ ಶುಗರ್, ಬಿಪಿ ಇರುವ ಅಕ್ಕಂದಿರು ಡಾಕ್ಟರ್ ಕೇಳದೆ ಮಾತ್ರೆ ಬಿಡಬೇಡ್ರಿ. ಎಲೀಯನಿಗೇ ದೇವದೂತನು ಊಟ ಬಡಿಸಿದ್ದಾನೆ, ನಿಮಗೆ ಒಂದು ಬಟ್ಟಲು ಗಂಜಿ ಕುಡಿದ್ರೆ ಅಭಿಷೇಕ ಇಳಿಯಲ್ಲ.

ಈಗ ಹೇಳೋದನ್ನು ನಮ್ಮ ಅಕ್ಕನ ಅಪ್ಪಣೆ ಕೇಳಿಯೇ ಹೇಳ್ತಿದ್ದೀನಿ. ಅವರು ಇಲ್ಲೇ ಕೂತಿದ್ದಾರೆ, ಯಾರೂ ತಿರುಗಿ ನೋಡಬೇಡ್ರಿ. ಹೋದ ವರ್ಷ ಬೇಸಿಗೆಯಲ್ಲಿ ಅವರ ಯಜಮಾನರು ಹೊಲದಲ್ಲಿ ಬಿಸಿಲಿಗೆ ಬಿದ್ದರು. ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ಮೂರು ರಾತ್ರಿ ಅಕ್ಕ ಐಸಿಯು ಹೊರಗೆ ನೆಲದ ಮೇಲೆ ಕೂತಿದ್ದರು. ನಾನು ಎರಡನೇ ರಾತ್ರಿ ಹೋದೆ. ಫೋನಿನ ಚಾರ್ಜ್ ಮುಗಿದಿತ್ತು. ಅಕ್ಕನಿಗೆ ಓದೋಕೆ ಬರಲ್ಲ. ಹತ್ತಿರ ಹೋದಾಗ ಕೇಳಿಸಿತು, ಮೆಲ್ಲಗೆ 23ನೇ ಕೀರ್ತನೆ ಹೇಳ್ತಿದ್ದರು, ಮೊದಲಿಂದ ಕೊನೆ ತನಕ, ಮತ್ತೆ ಮೊದಲಿಂದ. ಪಕ್ಕದಲ್ಲಿ ಬೇರೆ ಊರಿನ ಒಬ್ಬ ತಾಯಿ, ಮಗನಿಗಾಗಿ ಅಳ್ತಿದ್ದವಳು, ಅಕ್ಕನ ಸೆರಗು ಹಿಡಕೊಂಡು ಕೇಳ್ತಾ ಕೂತಿದ್ದಳು. ಅಕ್ಕನಿಗೆ ಅದನ್ನು ಕಲಿಸಿದ್ದು ನಾನಲ್ಲ. ಅವರ ಮಗಳು, ಆಗ ಐದನೇ ಕ್ಲಾಸು, ಸಂಜೆ ರೊಟ್ಟಿ ಬಡಿಯುವಾಗ ಒಲೆ ಮುಂದೆ ಕೂತು ಒಂದೊಂದೇ ವಚನ ಹೇಳಿಕೊಟ್ಟಿದ್ದಳು. ಎಷ್ಟೋ ಸಂಜೆ ಹಿಡಿಯಿತಂತೆ.

ನಾವು ಸ್ವಸ್ಥತೆಗಾಗಿ ಪ್ರಾರ್ಥಿಸಿದೆವು, ನಂಬಿಕೆಯಿಂದಲೇ ಪ್ರಾರ್ಥಿಸಿದೆವು. ನಾಲ್ಕನೇ ದಿನ ಬೆಳಿಗ್ಗೆ ಅಣ್ಣ ಕರ್ತನ ಬಳಿಗೆ ಹೋದರು. ಯಾಕೆ ಅಂತ ನಾನು ವೇದಿಕೆ ಮೇಲೆ ನಿಂತು ಕಥೆ ಕಟ್ಟಲ್ಲ. ಆ ಮರುಭಾನುವಾರ ಅಕ್ಕ ಸಭೆಗೆ ಬಂದು ಇದೇ ಚಾಪೆ ಮೇಲೆ ಕೂತು ಹಾಡಿದರು, ನೀವೆಲ್ಲ ನೋಡಿದ್ದೀರಿ. ಆ ವಾರ ಅವರಿಗೆ ಹೊಸದಾಗಿ ಏನನ್ನೂ ಕಲಿಯೋಕೆ ಆಗ್ತಿರಲಿಲ್ಲ.

ಯೆರೆಮೀಯ 12:5ರಲ್ಲಿ ಕರ್ತನು ಪ್ರವಾದಿಗೆ ಒಂದು ಪ್ರಶ್ನೆ ಹಾಕ್ತಾನೆ. ಕಾಲಾಳುಗಳ ಜೊತೆ ಓಡಿಯೇ ದಣಿದರೆ, ಕುದುರೆಗಳ ಜೊತೆ ಹೇಗೆ ಓಡ್ತೀಯ? ನಮಗೆ ಕುದುರೆ ಯಾವಾಗ ಬರುತ್ತೋ ತಾರೀಖು ಯಾರೂ ಕೊಡಲ್ಲ. ಗೋವಾದವರಿಗೆ ರೇಸ್ ಡೇಟ್ ಮೊದಲೇ ಗೊತ್ತಿರುತ್ತೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಈ ವಾರ ಒಂದೇ ಕೆಲಸ ಕೊಡ್ತೀನಿ. 121ನೇ ಕೀರ್ತನೆ, ಎಂಟೇ ವಚನ. ದಿನಕ್ಕೊಂದು, ಕೊನೆ ದಿನ ಎರಡು. ಓದೋಕೆ ಬರುವ ಮಕ್ಕಳು ಬರದ ಅಜ್ಜಿಗೆ ಹೇಳಿಕೊಡಬೇಕು, ಒಲೆ ಮುಂದೆ ಆಗಲಿ, ಎಮ್ಮೆ ಹಿಂಡುವಾಗ ಆಗಲಿ. ಮೊಬೈಲ್ ನೋಡಿ ಹೇಳಿದ್ರೆ ಲೆಕ್ಕಕ್ಕಿಲ್ಲ. ಮುಂದಿನ ಭಾನುವಾರ ಆರಾಧನೆಗೆ ಮುಂಚೆ ಮೊದಲು ಅಜ್ಜಿಯಂದಿರನ್ನೇ ಕೇಳ್ತೀನಿ. ಈಗ ಎದ್ದು ನಿಲ್ಲೋಣ. ಆಸ್ಪತ್ರೆಯಲ್ಲಿ ಯಾರಾದ್ರೂ ಇರುವ ಮನೆಯವರು ಮುಂದೆ ಬರ್ರಿ, ಕೈಯಿಟ್ಟು ಪ್ರಾರ್ಥನೆ ಮಾಡ್ತೀವಿ.